ದಿನಕ್ಕೆ ನಲವತ್ತು ಪದ

ಸುಭದ್ರೆಗೆ ಹತ್ತು ಸಾವಿರ ಪದಗಳು ಬಾಯಿಪಾಠವಾಗಿದ್ದವು.

ಹೊಳೆದಂಡೆಯ ಆಶ್ರಮಕ್ಕೆ ಬಂದ ಮೊದಲ ದಿನವೇ ಅವಳು ಅದನ್ನು ಹೇಳಿಕೊಂಡಳು. ಗುರು ನಿರ್ವಾಣಪ್ಪನವರು ಆಗ ಹಿತ್ತಲಿನ ಬದನೆ ಗಿಡಗಳಿಗೆ ನೀರು ಹಾಕುತ್ತಿದ್ದರು.

"ನಿಘಂಟು ಪೂರ್ತಿ ಒಪ್ಪಿಸಬಲ್ಲೆ. ಯಾವ ಪುಟ ಬೇಕಾದರೂ ಕೇಳಿ," ಎಂದಳು.

"ಒಳ್ಳೆಯದಾಯಿತು," ಎಂದರು ಗುರು. "ನೀರು ಮುಗಿದಿದೆ. ಇನ್ನೊಂದು ಕೊಡ ತರುತ್ತೀಯಾ?"

ಅವಳು ತಂದಳು. ಹಾಗೆ ಅವರ ಶಿಷ್ಯೆಯಾದಳು.

ಆಶ್ರಮದ ಅಂಗಳದಲ್ಲಿ ಒಂದು ಚಪ್ಪರದ ಶಾಲೆಯಿತ್ತು. ಸುತ್ತಲಿನ ಮೂರು ಊರುಗಳಿಂದ ಹನ್ನೆರಡು ಮಕ್ಕಳು ಬರುತ್ತಿದ್ದರು. ಕುರಿ ಕಾಯುವವರ ಮಕ್ಕಳು, ಮಗ್ಗದವರ ಮಕ್ಕಳು, ದೋಣಿ ನಡೆಸುವವರ ಮಕ್ಕಳು.

ವರ್ಷಕ್ಕೊಮ್ಮೆ ಪಟ್ಟಣದ ದೊಡ್ಡ ಪಾಠಶಾಲೆಯಿಂದ ಪರೀಕ್ಷಕರು ಬರುತ್ತಿದ್ದರು. ಓದು ಕೇಳುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಪದಗಳ ಅರ್ಥ ಕೇಳುತ್ತಿದ್ದರು. ಗೆದ್ದ ಮಕ್ಕಳಿಗೆ ಪಟ್ಟಣದಲ್ಲಿ ಊಟ, ವಸತಿ, ಮುಂದಿನ ಓದು.

ಎರಡು ವರ್ಷದಿಂದ ಈ ಚಪ್ಪರದಿಂದ ಒಬ್ಬರೂ ಗೆದ್ದಿರಲಿಲ್ಲ.

ಊರ ಹಿರಿಯರು ಬಂದು ಹೇಳಿದರು: "ಈ ವರ್ಷ ಒಂದು ನೋಡ್ತೀವ್ರಿ ಅಜ್ಜಾರ. ಆಗಲಿಲ್ಲಂದ್ರ ಮಕ್ಕಳನ್ನ ಕೆಲಸಕ್ಕ ಹಚ್ಚತೀವಿ. ಚಪ್ಪರ ಕುರಿ ಕಟ್ಟಾಕ ಆಗತೈತಿ."

ಗುರು ಸುಭದ್ರೆಯನ್ನು ಕರೆದರು.

"ಈ ಮಕ್ಕಳು ನಿನ್ನವರು. ಪದ ಕಲಿಸು."

ಸುಭದ್ರೆಗೆ ಸಂತೋಷವಾಯಿತು. ಇದಕ್ಕಿಂತ ಸುಲಭದ ಕೆಲಸ ಅವಳಿಗೆ ಯಾರೂ ಕೊಟ್ಟಿರಲಿಲ್ಲ.

ದಿನಕ್ಕೆ ನಲವತ್ತು ಪದ. ಬೆಳಿಗ್ಗೆ ಅವಳು ಹಲಗೆಯ ಮೇಲೆ ಬರೆಯುತ್ತಿದ್ದಳು, ಮಕ್ಕಳು ಪಾಟಿಗೆ ಇಳಿಸಿಕೊಳ್ಳುತ್ತಿದ್ದರು. ಮಧ್ಯಾಹ್ನದ ತನಕ ಕೂಗಿ ಕೂಗಿ ಹೇಳುತ್ತಿದ್ದರು. ಸಂಜೆ ಒಬ್ಬೊಬ್ಬರೇ ಎದ್ದು ಒಪ್ಪಿಸುತ್ತಿದ್ದರು.

ಮಗ್ಗದವರ ಮಗಳು ಬನವ್ವ ಮಾತ್ರ ನಡುವೆ ಕೈ ಎತ್ತುತ್ತಿದ್ದಳು.

"ಅಕ್ಕಾರ, ಅದಕ್ಕ ಹಂಗ ಯಾಕಂತಾರ್ರಿ?"

"ಯಾಕೆ ಅಂತ ಕೇಳಬಾರದು. ಹಾಗೆ ಅನ್ನುತ್ತಾರೆ, ಅಷ್ಟೇ. ಒಪ್ಪಿಸು."

ಬನವ್ವ ಒಪ್ಪಿಸಲು ನಿಂತರೆ ಏಳನೆಯ ಪದಕ್ಕೆ ಸಿಕ್ಕಿಹಾಕಿಕೊಳ್ಳುತ್ತಿದ್ದಳು. ಸುಭದ್ರೆ ಅವಳನ್ನು ಹಿಂದಿನ ಸಾಲಿನಲ್ಲಿ ಕೂರಿಸಿದಳು. ಪರೀಕ್ಷೆಗೆ ಈ ಹುಡುಗಿ ಬೇಡ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದಳು.

ಎರಡು ತಿಂಗಳಾದ ಮೇಲೆ ಗುರು ಚಪ್ಪರಕ್ಕೆ ಬಂದರು.

"ಎಷ್ಟಾಯಿತು?"

"ಎರಡು ಸಾವಿರ ದಾಟಿದೆ, ಗುರುಗಳೇ. ಕೇಳಿ ನೋಡಿ."

ಮುಂದಿನ ಸಾಲಿನಲ್ಲಿ ಬೀರಪ್ಪ ಕುಳಿತಿದ್ದ. ಕುರಿ ಕಾಯುವವರ ಮಗ, ಒಪ್ಪಿಸುವುದರಲ್ಲಿ ಎಲ್ಲರಿಗಿಂತ ಜೋರು.

"ಸಲಿಲ ಎಂದರೇನು, ಮಗು?" ಎಂದು ಕೇಳಿದರು ಗುರು.

"ಸಲಿಲ ಎಂದರೆ ನೀರು!"

"ಎಲ್ಲಿದೆ?"

ಬೀರಪ್ಪ ಹಲಗೆ ತೋರಿಸಿದ. "ಅಲ್ಲೈತ್ರಿ. ಹದಿನಾಲ್ಕನೇದು."

ಅವನ ಬೆನ್ನ ಹಿಂದೆ, ಹತ್ತು ಹೆಜ್ಜೆ ಆಚೆ ಹೊಳೆ ತುಂಬಿ ಹರಿಯುತ್ತಿತ್ತು.

ಗುರು ಮುಗುಳ್ನಕ್ಕರು. ಮಕ್ಕಳಿಂದ ಪಾಟಿಗಳನ್ನು ಒಂದೊಂದಾಗಿ ಇಸಿದುಕೊಂಡರು. ಹನ್ನೆರಡನ್ನೂ ತೋಳಿನಲ್ಲಿ ಹೊತ್ತು ಹೊಳೆಗೆ ಇಳಿದರು. ಒಂದೊಂದನ್ನೇ ಅದ್ದಿ, ಅಂಗೈಯಲ್ಲಿ ಉಜ್ಜಿ ತೊಳೆದು, ದಂಡೆಯ ಮೇಲೆ ಒಣಗಲು ಇಟ್ಟರು.

ಸುಭದ್ರೆಯ ಕಣ್ಣಲ್ಲಿ ನೀರು ಬಂತು.

"ಎರಡು ತಿಂಗಳ ಕೆಲಸ, ಗುರುಗಳೇ!"

"ಪಾಟಿಯಿಂದ ಹೋಗುವಂಥದ್ದಾಗಿದ್ದರೆ ಹೋಗಲಿ ಬಿಡು," ಎಂದರು ಗುರು. ಒಣಗಿದ ಮೊದಲ ಪಾಟಿಯನ್ನು ಎತ್ತಿಕೊಂಡು ಎರಡೇ ಅಕ್ಷರ ಬರೆದರು.

ನೆರೆ.

"ಇದೊಂದನ್ನು ಕಲಿಸು."

"ಒಂದೇ ಪದವೇ? ಎಷ್ಟು ದಿನ?"

"ಅದು ಮುಗಿಯುವ ತನಕ."

"ನೆರೆ ಎಂದರೆ ಪ್ರವಾಹ. ಮುಗಿಯಿತಲ್ಲ!"

"ಮುಗಿಯಿತೇ?" ಎಂದರು ಗುರು. "ಹಾಗಾದರೆ ನಿನಗೆ ಮುಗಿದಿದೆ. ಮಕ್ಕಳನ್ನು ಕಳಿಸು. ಯಾರ ಯಾರ ಬಾಯಲ್ಲಿ ಈ ಪದವಿದೆಯೋ ಹುಡುಕಿಕೊಂಡು ಬರಲಿ."

ಮೊದಲ ದಿನ ಹನ್ನೆರಡು ಮಕ್ಕಳೂ ಹೊಳೆಯ ಕಡೆ ಹೋಗಿ ಬಂದು ಒಂದೇ ಮಾತು ಹೇಳಿದರು: "ನೆರಿ ಅಂದ್ರ ಹೊಳಿ ಉಕ್ಕೋದ್ರಿ."

ಸುಭದ್ರೆ ಗುರುಗಳ ಮುಖ ನೋಡಿದಳು. ಅವರು ಬದನೆಕಾಯಿ ಕೊಯ್ಯುತ್ತಿದ್ದರು.

ಎರಡನೆಯ ದಿನ ಸಂತೆ ಇತ್ತು. ದೋಣಿಯವರ ಮಗಳೊಬ್ಬಳು ಓಡಿ ಬಂದಳು.

"ಅಕ್ಕಾರ! ಬಳಿ ಮಾರೋ ಮುದುಕಿ ಅಂದ್ಳು: ಇವತ್ತು ಸಂತಿ ಚಲೋ ನೆರೀತು ಅಂತ. ಸಂತ್ಯಾಗ ನೀರಿಲ್ಲಲ್ರಿ?"

ಸುಭದ್ರೆ ಬಾಯಿ ತೆರೆದಳು. ಅರ್ಥ ಅವಳಿಗೆ ಗೊತ್ತಿತ್ತು. ಹೇಳುವ ಮೊದಲೇ ಇನ್ನೊಬ್ಬ ಹುಡುಗ ಕೂಗಿದ: "ನೀರಿಲ್ಲ, ಮಂದಿ ಐತಲ್ಲ! ಮಂದಿ ಉಕ್ಕೈತಿ!"

ಮೂರನೆಯ ದಿನ ನೆರೆಮನೆ ಸಿಕ್ಕಿತು. ನಾಲ್ಕನೆಯ ದಿನ, ಬಿದ್ದ ಗೋಡೆ ಎತ್ತಲು ಜನ ಕೂಡಿದಾಗ ಯಾರೋ ಅಂದ 'ನೆರವು' ಸಿಕ್ಕಿತು.

ಮಕ್ಕಳು ಆಶ್ರಮದ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯತೊಡಗಿದರು. ಪದ, ಹೇಳಿದವರ ಹೆಸರು, ಹೇಳಿದ ಮಾತು. ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆದರು.

"ನೀರು ಕೂಡಿದ್ರ ನೆರಿ. ಮಂದಿ ಕೂಡಿದ್ರ ನೆರಿಯೋದು. ಮನಿ ಮನಿ ಕೂಡಿದ್ರ ನೆರಿಮನಿ," ಎಂದು ಬೀರಪ್ಪ ಓದಿದ. ಅವನು ಒಪ್ಪಿಸುತ್ತಿರಲಿಲ್ಲ. ತಾನೇ ಕಂಡದ್ದನ್ನು ಹೇಳುತ್ತಿದ್ದ. ಅವನ ದನಿ ಬೇರೆಯಾಗಿತ್ತು.

ಸುಭದ್ರೆ ಗೋಡೆಯ ಮುಂದೆ ನಿಂತಳು. ನಿಘಂಟಿನಲ್ಲಿ ಈ ಅರ್ಥಗಳು ಒಂದರ ಕೆಳಗೊಂದು ಇದ್ದವು. ಅವುಗಳಿಗೆ ಒಂದೇ ತಾಯಿ ಎಂದು ಅವಳಿಗೆ ಹೊಳೆದಿರಲಿಲ್ಲ.

ಅವಳಿಗೂ ಹುರುಪು ಬಂತು. ತನಗೆ ಗೊತ್ತಿದ್ದ ಇನ್ನೊಂದನ್ನು ತಾನೇ ಬರೆದಳು: ನೆರೆ, ಬಿಳಿಯಾದ ಕೂದಲು.

ಹಿಂದಿನ ಸಾಲಿನಲ್ಲಿ ಬನವ್ವನ ಕೈ ಮೇಲೆದ್ದಿತು.

"ಅಕ್ಕಾರ, ಅದು ಈ ಮನೀದು ಅಲ್ರಿ."

"ಯಾಕಲ್ಲ? ನಿಘಂಟಿನಲ್ಲಿ ಇದೆ."

"ನಮ್ಮಜ್ಜಿ ಹಂಗ ಅನ್ನೂದಿಲ್ರಿ."

"ನಿನ್ನ ಅಜ್ಜಿ ನಿಘಂಟು ಓದಿದ್ದಾರೆಯೇ?"

ಮಕ್ಕಳು ನಕ್ಕರು. ಬನವ್ವ ಕೈ ಇಳಿಸಿದಳು. ಆದರೆ ತಲೆ ತಗ್ಗಿಸಲಿಲ್ಲ.

ಗುರು ಚಪ್ಪರದ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದರು.

"ಸುಭದ್ರೆ, ಆ ಅಜ್ಜಿಯ ಮನೆ ಎಷ್ಟು ದೂರ?"

"ಗೊತ್ತಿಲ್ಲ, ಗುರುಗಳೇ."

"ನಡೆದರೆ ಗೊತ್ತಾಗುತ್ತದೆ."

ಸುಭದ್ರೆ ಹೋದಳು. ಒಂದು ಪದಕ್ಕಾಗಿ ಅವಳು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿದ್ದು ಅದೇ ಮೊದಲು. ಮಗ್ಗದ ಮನೆಯ ಕಟ್ಟೆಯ ಮೇಲೆ ಬನವ್ವನ ಅಜ್ಜಿ ನೂಲು ಬಿಡಿಸುತ್ತಾ ಕುಳಿತಿದ್ದಳು. ತಲೆ ಹತ್ತಿಯಷ್ಟು ಬಿಳಿ.

"ಅಮ್ಮಾ, ನಿಮ್ಮ ಕೂದಲು ಹೀಗಾಗಿದೆಯಲ್ಲ, ಇದಕ್ಕೆ ಏನಂತೀರಿ?"

"ನರಿ ಬಂದೈತಿ ಅಂತೀವವ್ವ."

ಹಿಂದೆ ಬಂದಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕರು. "ತಲಿ ಮ್ಯಾಲ ನರಿ! ಬಾಲ ಎಲ್ಲೈತಿ?"

ಅಜ್ಜಿಯೂ ನಕ್ಕಳು. "ಅಡವ್ಯಾಗಿನ ನರಿ ಅಲ್ರೋ. ನರೆ, ನ-ರೆ. ಹೊಳಿಗೆ ಬರೋದು ನೆರೆ. ತಲಿಗೆ ಬರೋದು ನರೆ. ಅದು ಬ್ಯಾರೆ, ಇದು ಬ್ಯಾರೆ. ಬಾಯಿ ಜಾರಿ ಎರಡನ್ನೂ ಒಂದ ಮಾಡ್ತಾರ ಈಗಿನ ಮಂದಿ."

ಸುಭದ್ರೆ ಚಪ್ಪರಕ್ಕೆ ಬಂದು, ತಾನು ಬರೆದ ಸಾಲನ್ನು ಬಟ್ಟೆಯಿಂದ ಒರೆಸಿದಳು. ಗೋಡೆಯ ಇನ್ನೊಂದು ಮೂಲೆಗೆ ಹೋಗಿ ಬರೆದಳು: ನರೆ. ಹೇಳಿದವರು, ಬನವ್ವನ ಅಜ್ಜಿ.

ಆಮೇಲೆ ಎಲ್ಲ ಮಕ್ಕಳ ಎದುರು ಬನವ್ವನ ಕಡೆ ತಿರುಗಿದಳು.

"ನಾನು ತಪ್ಪಿದ್ದೆ. ನೀನು ಮುಂದೆ ಬಂದು ಕೂತುಕೋ. ಕೇಳಬೇಕು ಅನಿಸಿದಾಗಲೆಲ್ಲ ಕೇಳು."

ನೆರೆ ಮುಗಿಯಲು ಒಂಬತ್ತು ದಿನ ಹಿಡಿಯಿತು.

ಅಷ್ಟರೊಳಗೆ ಊರಲ್ಲಿ ಗುಸುಗುಸು ಶುರುವಾಗಿತ್ತು. ಒಂದು ಮಧ್ಯಾಹ್ನ ಬೀರಪ್ಪನ ಅಪ್ಪ ಮಾಳಿಂಗಪ್ಪ ಕಂಬಳಿ ಹೊದ್ದು ಬಂದ. ಸಿಟ್ಟಿನಲ್ಲಿದ್ದ.

"ಏನವ್ವ ಇದು? ದಿನಕ್ಕ ನಲವತ್ತು ಮಾತು ಹೇಳ್ತಿದ್ದ ಹುಡುಗ ಈಗ ಒಂದನ್ನ ಹಿಡಕೊಂಡು ತಿರಗ್ತಾನ! ನಿನ್ನೆ ಕುರಿ ಸುದ್ದಿ ತಗದ್ರ, 'ಅಪ್ಪಾ, ಈಗ ನೀ ಏನಂದಿ? ಇನ್ನೊಮ್ಮೆ ಅನ್ನು' ಅಂತಾನ. ನನಗ ಹುಚ್ಚು ಹಿಡಿಸ್ತಾನ!"

"ನೀವು ಏನಂದಿರಿ?" ಎಂದು ಸುಭದ್ರೆ ಕೇಳಿದಳು.

"ಏನಂದೆ? ಹೊತ್ತು ಮುಳುಗೂದ್ರಾಗ ಕುರಿ ಎಲ್ಲಾ ತಾವ ಬಂದು ಹಟ್ಟ್ಯಾಗ ನೆರೀತಾವ ಅಂದೆ. ಅದರಾಗ ಏನೈತಿ?"

ಸುಭದ್ರೆ ಅವನನ್ನು ಗೋಡೆಯ ಬಳಿಗೆ ಕರೆದುಕೊಂಡು ಹೋದಳು. ಅಲ್ಲಿ ಬೀರಪ್ಪನ ದಪ್ಪ ಅಕ್ಷರಗಳಿದ್ದವು.

"ಇದೇನು ಬರದೈತಿ?" ಎಂದ ಮಾಳಿಂಗಪ್ಪ. ಅವನಿಗೆ ಓದು ಬರುತ್ತಿರಲಿಲ್ಲ.

ಬೀರಪ್ಪ ಎದ್ದು ನಿಂತು, ಬೆರಳಿಟ್ಟು ಓದಿದ: "ಹೊತ್ತು ಮುಳುಗೂದ್ರಾಗ ಕುರಿ ಎಲ್ಲಾ ತಾವ ಬಂದು ಹಟ್ಟ್ಯಾಗ ನೆರೀತಾವ. ಹೇಳಿದವರು, ನಮ್ಮಪ್ಪ ಮಾಳಿಂಗಪ್ಪ."

ಮಾಳಿಂಗಪ್ಪ ಬಹಳ ಹೊತ್ತು ಗೋಡೆ ನೋಡಿದ. ತನ್ನ ಹೆಸರು ಇರುವ ಜಾಗವನ್ನು ಮಗನಿಂದ ಇನ್ನೊಮ್ಮೆ ತೋರಿಸಿಕೊಂಡ.

"ಇನ್ನೊಮ್ಮೆ ಓದೋ," ಎಂದ.

ಆಮೇಲೆ ಅವನು ಜಗಳಕ್ಕೆ ಬರಲಿಲ್ಲ. ಕುರಿ ಕಾಯುವವರ ಮಾತುಗಳನ್ನು ಹೊತ್ತುಕೊಂಡು ಬಂದ.

ಹೀಗೆ ತಿಂಗಳುಗಳು ಸರಿದವು. ಮಕ್ಕಳು ಪದಗಳನ್ನು ಒಡೆದರು, ಕೂಡಿಸಿದರು, ಬಾಯಲ್ಲಿ ಹೊರಳಿಸಿ ಕೇಳಿದರು. ಮುಂಗೈ ಎನ್ನುವಾಗ ಕೈಯಲ್ಲಿದ್ದ 'ಕ' ಎಲ್ಲಿ ಹೋಯಿತು ಎಂದು ನಾಲ್ಕು ದಿನ ಜಗಳವಾಡಿದರು. ಮೂರು ಕಣ್ಣಿದ್ದವನು ಮುಕ್ಕಣ್ಣನಾದರೆ ದಪ್ಪ ಹೊಟ್ಟೆಯವನು ಏನಾಗಬೇಕು ಎಂದು ಲೆಕ್ಕ ಹಾಕಿ, ಊರ ಗೌಡನಿಗೆ ಹೊಸ ಹೆಸರು ಕಟ್ಟಿದರು. ಸುಭದ್ರೆ ಗದರಿದಳು. ಗುರು ಮರೆಗೆ ಹೋಗಿ ನಕ್ಕರು.

ಪರೀಕ್ಷೆಗೆ ಹದಿನೈದು ದಿನ ಉಳಿದಾಗ ಸುಭದ್ರೆಗೆ ಭಯ ಹತ್ತಿತು. ಗೋಡೆ ಎಣಿಸಿದಳು. ಮೂವತ್ತೊಂಬತ್ತು ಪದ.

ಅವಳು ಗುರುಗಳ ಬಳಿಗೆ ಓಡಿದಳು. ಅವರು ಜಗಲಿಯಲ್ಲಿ ರೊಟ್ಟಿ ತಿನ್ನುತ್ತಿದ್ದರು.

"ಬೇರೆ ಶಾಲೆಗಳ ಮಕ್ಕಳು ಸಾವಿರಗಟ್ಟಲೆ ಒಪ್ಪಿಸುತ್ತಾರೆ. ನಮ್ಮವರಿಗೆ ನಲವತ್ತೂ ಆಗಿಲ್ಲ. ಈಗಲಾದರೂ ಪಟ್ಟಿ ಕೊಡಲೇ?"

"ನಿನಗೆ ಎಷ್ಟು ಪದ ಬರುತ್ತದೆ ಅಂದಿದ್ದೆ?"

"ಹತ್ತು ಸಾವಿರ."

"ಅದರಲ್ಲಿ ಎಷ್ಟನ್ನು ಯಾರಿಗಾದರೂ ಅಂದಿದ್ದೀ? ಸಿಟ್ಟು ಬಂದಾಗ, ಹಸಿದಾಗ, ಯಾರ ಮೇಲಾದರೂ ಪ್ರೀತಿ ಉಕ್ಕಿದಾಗ?"

ಸುಭದ್ರೆ ನಿಂತಲ್ಲೇ ಎಣಿಸಲು ತೊಡಗಿದಳು. ಗುರು ರೊಟ್ಟಿ ತಿಂದು ಮುಗಿಸಿದರು. ಕೈ ತೊಳೆದರು. ಅವಳು ಇನ್ನೂ ಎಣಿಸುತ್ತಿದ್ದಳು. ಎಣಿಸಿದ್ದು ಹೆಚ್ಚಾಗಿರಲಿಲ್ಲ.

"ಪಟ್ಟಿ ಬೇಡ," ಎಂದಳು ಕೊನೆಗೆ.

"ಇನ್ನೊಂದು ಮಾತು," ಎಂದರು ಗುರು. "ಪರೀಕ್ಷೆಯ ದಿನ ನನ್ನ ಪಕ್ಕದಲ್ಲಿ ಕೂರು. ಏನೇ ಆಗಲಿ, ತುಟಿ ಬಿಚ್ಚಬೇಡ."

"ಅವರು ತಪ್ಪು ಹೇಳಿದರೆ?"

"ಹೇಳಲಿ."

"ಒಬ್ಬರೂ ಹೇಳದೆ ಸುಮ್ಮನಾದರೆ?"

"ಆಗ ನೀನು ಅವರಿಗಿಂತ ಗಟ್ಟಿಯಾಗಿ ಸುಮ್ಮನಿರು."

ಪರೀಕ್ಷಕರು ದೋಣಿಯಲ್ಲಿ ಬಂದರು. ಹಯವದನಾಚಾರ್ಯರು ಎಂದು ಹೆಸರು. ತೆಳ್ಳಗೆ, ಎತ್ತರಕ್ಕೆ, ಮಾತು ಕಡಿಮೆ. ಮೂರೂ ಊರಿನ ಜನ ಬೇಲಿಯ ಆಚೆ ನಿಂತಿದ್ದರು.

ಮಕ್ಕಳು ಚೆನ್ನಾಗಿ ಓದಿದರು. ಆಚಾರ್ಯರು ತಲೆದೂಗಿದರು. ಆಮೇಲೆ ಪದ ಕೇಳತೊಡಗಿದರು. ಕೆಲವಕ್ಕೆ ಉತ್ತರ ಬಂತು. ಅನೇಕಕ್ಕೆ ಬರಲಿಲ್ಲ. ಬೇಲಿಯ ಆಚೆ ಯಾರೋ ನಿಟ್ಟುಸಿರು ಬಿಟ್ಟರು.

"ಓದು ಇದೆ. ಪದಸಂಪತ್ತು ಸಾಲದು," ಎಂದರು ಆಚಾರ್ಯರು. "ಕೊನೆಯದೊಂದು ಕೇಳುತ್ತೇನೆ. ಈ ವಾರ ನಾಲ್ಕು ಶಾಲೆಗಳಲ್ಲಿ ಕೇಳಿದ್ದೇನೆ. ಒಬ್ಬರೂ ಹೇಳಿಲ್ಲ. ನೀವು ಹೇಳಿದರೆ ಹಿಂದಿನದೆಲ್ಲ ಮರೆಯುತ್ತೇನೆ."

ಹಲಗೆಯ ಮೇಲೆ ಬರೆದರು.

ತಂಗದಿರ.

ಸುಭದ್ರೆಗೆ ಆ ಪದ ಗೊತ್ತಿತ್ತು. ಅರ್ಥ ಎರಡೇ ಅಕ್ಷರ. ತುಟಿ ಅಲ್ಲಾಡಿಸಿದರೆ ಸಾಕು, ಮುಂದಿನ ಸಾಲಿನ ಮಕ್ಕಳಿಗೆ ತಿಳಿಯುತ್ತಿತ್ತು. ಶಾಲೆ ಉಳಿಯುತ್ತಿತ್ತು.

ಬನವ್ವ ಅವಳ ಕಡೆ ನೋಡಿದಳು.

ಸುಭದ್ರೆ ತುಟಿ ಕಚ್ಚಿ ಕಣ್ಣು ಮುಚ್ಚಿಕೊಂಡಳು.

"ಯಾರಿಗೂ ಗೊತ್ತಿಲ್ಲವೇ?" ಎಂದರು ಆಚಾರ್ಯರು.

"ಗೊತ್ತಿಲ್ರಿ," ಎಂದ ಬೀರಪ್ಪ. "ನಾವು ನಾವ ಮಾತಾಡಬಹುದೇನ್ರಿ?"

"ಅರ್ಥ ಗೊತ್ತಿಲ್ಲದ ಹನ್ನೆರಡು ಜನ ಮಾತಾಡಿ ಏನು ಮಾಡುತ್ತೀರಿ?"

"ಹುಡುಕ್ತೀವ್ರಿ."

ಆಚಾರ್ಯರು ಹುಬ್ಬೇರಿಸಿದರು. "ಹುಡುಕಿ."

ಹನ್ನೆರಡು ತಲೆಗಳು ಒಟ್ಟಿಗೆ ಸೇರಿದವು.

"ಮುಂದಿನ ತುಂಡು ಸಿಕ್ತು. ತಂ. ತಂಗಾಳಿ, ತಂಪು."

"ತಂಗಳ ರೊಟ್ಟಿ."

"ತಂಗಿ?"

"ನಮ್ಮ ತಂಗಿ ತಣ್ಣಗಿಲ್ಲಪ್ಪ, ಬೆಂಕಿ ಅದಾಳ. ಅದು ಬ್ಯಾರೆ ಮನೀದು, ಬಿಡು."

"ಸರಿ, ತಂ ಅಂದ್ರ ತಣ್ಣಂದು. ಗದಿರ ಅಂದ್ರ?"

ಗದಿರ ಎನ್ನುವುದನ್ನು ಯಾರೂ ಯಾರ ಬಾಯಲ್ಲೂ ಕೇಳಿರಲಿಲ್ಲ. ಗಳಿಗೆ ಕಳೆಯಿತು. ಬೇಲಿಯ ಆಚೆ ಮಾಳಿಂಗಪ್ಪ ಕಂಬಳಿಯ ಅಂಚನ್ನು ಹಿಂಡುತ್ತಿದ್ದ.

"ಮುಂಗೈ," ಎಂದಳು ಬನವ್ವ ಮೆಲ್ಲಗೆ.

"ಏನು?"

"ಮುಂಗೈಯಾಗ ಕೈ ಹೋಗಿ ಗೈ ಆತಲ್ಲ. ಹಿಂಗಾಲಿನಾಗ ಕಾಲು ಹೋಗಿ ಗಾಲು. ಹಂಗಂದ್ರ ಇದು ಗದಿರ ಅಲ್ಲ. ಕದಿರ." ಅವಳ ಕಣ್ಣು ದೊಡ್ಡದಾಯಿತು. "ಕದಿರು! ನಮ್ಮ ರಾಟೀದು! ನೂಲು ಸುತ್ತೂ ಕಡ್ಡಿ!"

"ತಣ್ಣನ ಕದಿರು? ಅದು ಹೆಂಗ ತಣ್ಣಗಿರತೈತಿ? ಗರಗರ ತಿರುಗಿ ಬಿಸಿ ಆಗತೈತಲ್ಲ?"

"ತಡಿ, ತಡಿ," ಎಂದ ಬೀರಪ್ಪ. "ಮುಕ್ಕಣ್ಣ ಅಂದ್ರ ಮೂರು ಕಣ್ಣಲ್ಲ, ಮೂರು ಕಣ್ಣಿರೋವ. ಹಂಗ ಇವನೂ ತಣ್ಣನ ಕದಿರಿರೋವ."

"ಯಾರವ?"

"ಕದಿರಿನಿಂದ ಏನು ಬರತೈತಿ, ಬನವ್ವ?"

"ನೂಲು. ಬೆಳ್ಳಗ, ಸಣ್ಣಗ, ಉದ್ದಕ."

"ತಣ್ಣನ ಬಿಳೀ ನೂಲು ಬಿಡೋವ ಯಾರು?"

ಬನವ್ವ ಮೇಲೆ ನೋಡಿದಳು. ಚಪ್ಪರದ ಸೋಗೆಯ ಸಂದಿನಿಂದ ಬಿಸಿಲು ಎಳೆ ಎಳೆಯಾಗಿ ಇಳಿಯುತ್ತಿತ್ತು.

"ನೂಲು..." ಎಂದಳು. "ಆದ್ರ ಇದು ಸುಡತೈತಿ. ಇದಲ್ಲ. ಹಿಂಗ ಬೀಳಬೇಕು, ಆದ್ರ ತಣ್ಣಗಿರಬೇಕು."

ಇದ್ದಕ್ಕಿದ್ದಂತೆ ಎದ್ದು ನಿಂತಳು.

"ಬೆಳದಿಂಗಳು! ಚಂದಪ್ಪ! ತಂಗದಿರ ಅಂದ್ರ ಚಂದಪ್ಪ ರೀ!"

ಆಚಾರ್ಯರು ಕುರ್ಚಿಯಿಂದ ಎದ್ದರು.

"ಹೌದು," ಎಂದರು. ಅವರ ದನಿ ಸಣ್ಣದಾಗಿತ್ತು. "ಹೌದು, ಮಗು. ಚಂದ್ರ. ಕದಿರು ಎಂದರೆ ಕಿರಣ ಎಂದೂ ಅರ್ಥ. ತಂಪಾದ ಕಿರಣಗಳುಳ್ಳವನು."

ಬೇಲಿ ಮುರಿಯುವಂತೆ ಜನ ಕೂಗಿದರು. ಮಕ್ಕಳು ಮಾತ್ರ ಇನ್ನೂ ತಲೆ ಕೂಡಿಸಿಕೊಂಡು ಪಿಸುಗುಟ್ಟುತ್ತಿದ್ದರು. ಅವರಿಗೆ ಪದ ಮುಗಿದಿರಲಿಲ್ಲ.

"ಸ್ವಾಮ್ಯಾರ," ಎಂದ ಬೀರಪ್ಪ. "ಇವ ತಣ್ಣನವ. ಸೂರ್ಯ ಸುಡೋವ. ಬರೇ ಬಿಸಲಿರೋ ಜಾಗಕ್ಕ ನಾವು ಬೆಂಗಾಡು ಅಂತೀವಿ. ಹಂಗಾದ್ರ ಸೂರ್ಯ ಬೆಂಗದಿರ ಆಗಬೇಕಲ್ರಿ?"

ಆಚಾರ್ಯರು ಅವನ ಕಡೆ ಬಾಗಿದರು.

"ಅದನ್ನು ಎಲ್ಲಿ ಓದಿದಿರಿ? ಅದು ಹಳೆಯ ಕಾವ್ಯಗಳಲ್ಲಿರುವ ಪದ."

"ಓದಿಲ್ರಿ. ಈಗ ಮಾಡಿದ್ವಿ."

ಆಚಾರ್ಯರು ಮೊದಲ ಬಾರಿಗೆ ನಕ್ಕರು. ಮುಖವೆಲ್ಲ ನಗೆಯಾಯಿತು. ಸುಭದ್ರೆಯ ಕಡೆ ತಿರುಗಿದರು.

"ವರ್ಷಕ್ಕೆ ಎಷ್ಟು ಪದ ಕಲಿಸಿದ್ದೀರಿ, ತಾಯಿ?"

ಸುಭದ್ರೆ ಗುರುಗಳ ಮುಖ ನೋಡಿದಳು. ಅವರು ತಲೆಯಾಡಿಸಿದ ಮೇಲೆ ತುಟಿ ಬಿಚ್ಚಿದಳು.

"ಮೂವತ್ತೊಂಬತ್ತು. ನಲವತ್ತನೆಯದನ್ನು ಅವರೇ ಈಗ ನಿಮ್ಮ ಮುಂದೆ ಕಲಿತರು."

"ನಾಲ್ಕು ಮಕ್ಕಳನ್ನು ಆರಿಸಲು ಬಂದಿದ್ದೆ," ಎಂದರು ಆಚಾರ್ಯರು. "ಯಾವ ನಾಲ್ಕು? ಒಬ್ಬರು ತಂ ಹುಡುಕಿದರು, ಒಬ್ಬರು ತಂಗಿಯನ್ನು ಹೊರಗಿಟ್ಟರು, ಒಬ್ಬರು ಕದಿರು ಕಂಡರು. ಯಾರನ್ನು ಬಿಡಲಿ?"

ಅವರು ಪುಸ್ತಕ ತೆರೆದು ಹೆಸರು ಬರೆಯತೊಡಗಿದರು. ಹನ್ನೆರಡು ಹೆಸರು ಬರೆದ ಮೇಲೆ ಮುಚ್ಚಿದರು.

ಮಾಳಿಂಗಪ್ಪ ಬೇಲಿ ಹಾರಿ ಬಂದು ಮಗನನ್ನು ಹೆಗಲ ಮೇಲೆ ಎತ್ತಿಕೊಂಡ. ಹೊಳೆದಂಡೆಗೆ ಓಡಿ, ಆಕಾಶಕ್ಕೆ ಮುಖ ಮಾಡಿ ಕೂಗಿದ: "ಏ ಬೆಂಗದಿರಾ! ನೋಡೋ, ನನ್ನ ಮಗ!"

ಬೇಲಿಯ ಬಳಿ ಬನವ್ವನ ಅಜ್ಜಿ ಕುಳಿತಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುತ್ತಲಿನವರಿಗೆಲ್ಲ ಹೇಳಿದಳು: "ನಮ್ಮನಿ ಕದಿರದು. ನಮ್ಮನೀದು."

ಜನ ಕರಗಿದ ಮೇಲೆ ಸುಭದ್ರೆ ಗುರುಗಳ ಬಳಿ ಬಂದು ಕುಳಿತಳು. ಅವಳ ಕೆಳತುಟಿಯಲ್ಲಿ ರಕ್ತದ ಸಣ್ಣ ಕಲೆಯಿತ್ತು.

"ನನಗೆ ಆ ಪದ ಗೊತ್ತಿತ್ತು, ಗುರುಗಳೇ."

"ಗೊತ್ತಿತ್ತೇ?"

ಅವಳು ಯೋಚಿಸಿದಳು.

"ಇಲ್ಲ," ಎಂದಳು. "ಹತ್ತು ವರ್ಷ 'ತಂಗದಿರ ಎಂದರೆ ಚಂದ್ರ' ಎಂದು ಒಪ್ಪಿಸಿದೆ. ಅದರೊಳಗೆ ತಂಪು ಇದೆ ಎಂದು ಇವತ್ತು ಗೊತ್ತಾಯಿತು."

ಗುರು ಅವಳ ತಲೆಯ ಮೇಲೆ ಕೈಯಿಟ್ಟರು. ಅವರು ಹಾಗೆ ಮಾಡಿದ್ದು ಅದೇ ಮೊದಲು.

ವಾರದ ಬಳಿಕ ಹನ್ನೆರಡು ಮಕ್ಕಳು ದೋಣಿ ಹತ್ತಿ ಪಟ್ಟಣಕ್ಕೆ ಹೋದರು. ಆಚೆ ದಡ ಮುಟ್ಟುವ ತನಕವೂ ಅವರು ದೋಣಿಯವನನ್ನು ಏನೇನೋ ಕೇಳುತ್ತಿರುವುದು ಕೇಳಿಸುತ್ತಿತ್ತು.

ಮರುದಿನ ಬೆಳಿಗ್ಗೆ ಸುಭದ್ರೆ ಚಪ್ಪರ ಗುಡಿಸಲು ಬಂದಳು. ಬೇಲಿಯ ಹತ್ತಿರ ಮಕ್ಕಳು ನಿಂತಿದ್ದರು. ಎಣಿಸಿದಳು. ಮೂವತ್ತೊಂದು. ಮೂರು ಊರಿನವರಲ್ಲದೆ, ಹೊಳೆಯ ಆಚೆಯಿಂದಲೂ ಬಂದಿದ್ದರು.

ಅವಳು ಪೊರಕೆ ಹಿಡಿದುಕೊಂಡೇ ಗುರುಗಳ ಬಳಿಗೆ ಓಡಿದಳು. ಏದುಸಿರು ಬರುತ್ತಿತ್ತು, ಮುಖ ಅರಳಿತ್ತು.

"ಮೂವತ್ತೊಂದು ಮಕ್ಕಳು, ಗುರುಗಳೇ! ಹೇಳಿ, ಇವರಿಗೆ ಯಾವ ಪದದಿಂದ ಶುರು ಮಾಡಲಿ?"

ಗುರು ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದರು. ಮೊರದಿಂದ ತಲೆ ಎತ್ತಲಿಲ್ಲ.

"ಅಷ್ಟು ದೂರದಿಂದ ಬರಿಗೈಲಿ ಬಂದಿರಲಾರರು. ಏನೇನು ಮಾತು ತಂದಿದ್ದಾರೆ, ಕೇಳಿದೆಯಾ?"